ಮಿಷನ್ ವಿಮಾನಗಳ ಬಗ್ಗೆ ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿಯ ಯುವಕರ ಕೂಟಗಳಲ್ಲಿ, ಕಾಲೇಜು ಹುಡುಗರ ಜೊತೆ ಮಾತಿಗೆ ಕೂತಾಗ ಈ ವಿಷಯ ಬಂದರೆ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳುವವರಲ್ಲಿ ಕ್ರೈಸ್ತರೂ ಇರುತ್ತಾರೆ, ಅಲ್ಲದವರೂ ಇರುತ್ತಾರೆ. ಇಬ್ಬರಿಗೂ ಉತ್ತರ ಒಂದೇ, ಹಾಗಾಗಿ ಒಂದೇ ಕಡೆ ಬರೆದಿದ್ದೇನೆ.

ಮಿಷನ್ ವಿಮಾನ ಅಂದರೆ ಏನು?

ರಸ್ತೆ ಇಲ್ಲದ ಊರುಗಳಿಗೆ ಕ್ರೈಸ್ತ ಸಂಸ್ಥೆಗಳು ನಡೆಸುವ ಸಣ್ಣ ವಿಮಾನ ಸೇವೆ. ಒಳಗೆ ಐದಾರು ಜನ ಕೂರಬಹುದು, ದೊಡ್ಡದಾದರೆ ಹತ್ತು ಹನ್ನೆರಡು. ಕಾಯಿಲೆಯವರು, ನರ್ಸ್, ಲಸಿಕೆ ಡಬ್ಬಿ, ಶಾಲೆ ಪುಸ್ತಕ, ಛಾವಣಿಗೆ ಹಾಕುವ ತಗಡು, ಪಾದ್ರಿ, ಕೆಲವು ಸಲ ಕೋಳಿಮರಿ ಕೂಡ ಒಂದೇ ವಿಮಾನದಲ್ಲಿ ಹೋಗುತ್ತವೆ.

ಇವುಗಳಲ್ಲಿ ಹೆಸರಾದದ್ದು ಮಿಷನ್ ಏವಿಯೇಷನ್ ಫೆಲೋಶಿಪ್, ಚಿಕ್ಕದಾಗಿ ಎಂಎಎಫ್. ನೂರಕ್ಕೂ ಹೆಚ್ಚು ವಿಮಾನಗಳಿವೆ. ಪಪುವಾ ನ್ಯೂಗಿನಿ, ದಕ್ಷಿಣ ಸೂಡಾನ್, ಕಾಂಗೋ, ಮಡಗಾಸ್ಕರ್, ಹೈಟಿ ಇಂಥ ಕಡೆ ಕೆಲಸ. ಅಮೆರಿಕದ ಜಾರ್ಸ್, ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹಾರುವ ಎಐಎಂ ಏರ್, ಹೀಗೆ ಬೇರೆ ಸಂಸ್ಥೆಗಳೂ ಇವೆ.

ಇದನ್ನು ಶುರು ಮಾಡಿದ್ದು ಯಾರು?

ಒಬ್ಬರು ಅಂತ ಹೇಳೋಕೆ ಆಗಲ್ಲ. ಜರ್ಮನಿಯ ಪಾಲ್ ಶುಲ್ಟೆ ಅನ್ನುವ ಕ್ಯಾಥೊಲಿಕ್ ಪಾದ್ರಿ ಮೊದಲ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದವರು. ಅವರ ಗೆಳೆಯ, ಅವರೂ ಪಾದ್ರಿಯೇ, ಆಫ್ರಿಕಾದಲ್ಲಿ ಜ್ವರ ಬಂದು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದೆ ತೀರಿಕೊಂಡರು. ಆ ಸಂಕಟದಲ್ಲೇ ಶುಲ್ಟೆ 1927ರಲ್ಲಿ ಮಿವಾ ಅನ್ನುವ ಸಂಸ್ಥೆ ಕಟ್ಟಿದರು. ಮಿಷನ್ ಕೆಲಸಕ್ಕೆ ಬಂಡಿ, ದೋಣಿ, ವಿಮಾನ ಒದಗಿಸುವುದು ಅದರ ಕೆಲಸ.

ಎಂಎಎಫ್ ಹುಟ್ಟಿದ್ದು 1945ರಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿತ್ತು, ವಿಮಾನ ಹಾರಿಸಲು ಕಲಿತ ಹುಡುಗರು ಊರಿಗೆ ವಾಪಸಾಗುತ್ತಿದ್ದರು. ಕಲಿತ ಕೆಲಸವನ್ನು, ಬಾಂಬ್ ಹಾಕುವುದು ಬಿಟ್ಟು, ಬೇರೆ ಯಾವುದಕ್ಕಾದರೂ ಬಳಸೋಣ ಅಂತ ಅವರಲ್ಲಿ ಕೆಲವರು ಸೇರಿದರು. ಹುಡುಗರು ಅಂದೆ, ಆದರೆ ಎಂಎಎಫ್‌ನ ಮೊದಲ ಪೈಲಟ್ ಹೆಣ್ಣುಮಗಳು, ಬೆಟ್ಟಿ ಗ್ರೀನ್. ಯುದ್ಧದ ಹೊತ್ತಲ್ಲಿ ಅಮೆರಿಕದ ಮಹಿಳಾ ಪೈಲಟ್‌ಗಳ ದಳದಲ್ಲಿ ಹಾರಿದವರು. 1946ರ ಫೆಬ್ರವರಿಯಲ್ಲಿ ಎರಡು ಸಾಲು ರೆಕ್ಕೆಯ ಹಳೇ ವಾಕೋ ವಿಮಾನದಲ್ಲಿ ಮೆಕ್ಸಿಕೋಗೆ ಹೋದರು. ಅದೇ ಸಂಸ್ಥೆಯ ಮೊದಲ ಹಾರಾಟ. ಆಮೇಲೆ ಪೆರುವಿನಲ್ಲಿ ಆಂಡಿಸ್ ಪರ್ವತ ದಾಟಿ ಹಾರಿದರು.

ಬ್ರಿಟನ್ ಕಡೆಯಿಂದ ಜ್ಯಾಕ್ ಹೆಮಿಂಗ್ಸ್ ಮತ್ತು ಸ್ಟುವರ್ಟ್ ಕಿಂಗ್ 1948ರಲ್ಲಿ ಒಂದು ಪುಟ್ಟ ವಿಮಾನ ತೆಗೆದುಕೊಂಡು ಆಫ್ರಿಕಾ ಸುತ್ತಿ ನೋಡಲು ಹೊರಟರು. ಬುರುಂಡಿಯಲ್ಲಿ ವಿಮಾನ ಗುಡ್ಡಕ್ಕೆ ಬಡಿದು ಚೂರಾಯಿತು, ಇಬ್ಬರೂ ಬದುಕಿದರು. ಹೆಮಿಂಗ್ಸ್ ಗಟ್ಟಿ ಜೀವ. 2024ರಲ್ಲಿ, 102ನೇ ವಯಸ್ಸಿನಲ್ಲಿ, ಸ್ಪಿಟ್‌ಫೈರ್ ಯುದ್ಧವಿಮಾನ ಹತ್ತಿ ಹಾರಿದರು.

ನಮ್ಮ ಕಡೆಗೂ ಬರ್ತಾವೇನ್ರಿ ಇವು?

ಇಲ್ಲ. ಬೇಕಾಗಿಯೂ ಇಲ್ಲ.

ಇದು ಸ್ವಲ್ಪ ಜನಕ್ಕೆ ನಿರಾಸೆ ಅನ್ನಿಸುತ್ತೆ. ಆದರೆ ಯೋಚಿಸಿ. ನಮ್ಮ ಭಾಗಕ್ಕೆ ಮಿಷನ್ ಬಂದದ್ದು ರೈಲು ಮತ್ತು ಎತ್ತಿನ ಗಾಡಿಯಲ್ಲಿ. ಮೆಥೋಡಿಸ್ಟರು ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದ್ದು ಹಾಗೆಯೇ. ವಾಡಿ ಜಂಕ್ಷನ್ ಇದೆ, ಯಾದಗಿರಿ ಮುಂಬೈ-ಚೆನ್ನೈ ರೈಲು ದಾರಿಯಲ್ಲೇ ಇದೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು. ಬೀದರ್‌ನಿಂದ 2020ರ ಫೆಬ್ರವರಿಯಲ್ಲಿ ಪ್ರಯಾಣಿಕರ ವಿಮಾನ ಹಾರಿತು. ಆಮೇಲೆ ಅದು ನಿಲ್ಲುವುದು, ಮತ್ತೆ ಶುರುವಾಗುವುದು ನಡೆದೇ ಇದೆ, ಅದು ಬೇರೆ ಕಥೆ. ನಮ್ಮ ಹಳ್ಳಿಗಳಲ್ಲಿ ಬಡತನ ಇದೆ, ಡಾಕ್ಟರು ಸಿಗಲ್ಲ, ಬಸ್ಸು ಹೊತ್ತಿಗೆ ಬರಲ್ಲ. ಒಪ್ಪುತ್ತೇನೆ. ಆದರೆ ಜೀಪು, 108 ಆಂಬುಲೆನ್ಸ್ ಹೋಗುವಷ್ಟು ದಾರಿ ಹೆಚ್ಚು ಕಡಿಮೆ ಎಲ್ಲ ಕಡೆ ಇದೆ. ದಾರಿ ಇರುವ ಕಡೆ ಮಿಷನ್ ವಿಮಾನ ಬರೀ ಶೋಕಿ. ಅದೇ ದುಡ್ಡಲ್ಲಿ ನರ್ಸ್‌ಗಳಿಗೆ ಸಂಬಳ ಕೊಡಬಹುದು.

ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್ಬಿಯಿಂದ ದೇಶದ ಬೇರೆ ದೊಡ್ಡ ಊರುಗಳಿಗೆ ರಸ್ತೆಯೇ ಇಲ್ಲ. ಬೆಟ್ಟ, ದಟ್ಟ ಕಾಡು, ಜೌಗು. ಪಕ್ಕದ ಕಣಿವೆಗೆ ನಡೆದು ಹೋದರೆ ಎರಡು ಮೂರು ದಿನ, ವಿಮಾನದಲ್ಲಿ ಹತ್ತು ನಿಮಿಷ. ಇಂಥ ಕಡೆ ಲೆಕ್ಕವೇ ಬೇರೆ ಆಗುತ್ತೆ, ಅಲ್ವಾ?

ಕೃಷ್ಣಾ ನದಿ ನಡುಗಡ್ಡೆಗಳಿಗೆ? ಅಲ್ಲಿ ದಾರಿ ಇಲ್ಲವಲ್ಲ?

ಯಾದಗಿರಿ ಜಿಲ್ಲೆಯವರು ಈ ಪ್ರಶ್ನೆ ಬಿಡುವುದೇ ಇಲ್ಲ. ನ್ಯಾಯವಾದ ಪ್ರಶ್ನೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ನೀಲಕಂಠರಾಯನಗಡ್ಡಿ ಹೊರಗಿನ ನಂಟು ಕಳೆದುಕೊಳ್ಳುತ್ತಿತ್ತು. 2014ರಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ, ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅನ್ನುವುದೊಂದೇ ಅವರ ಹಟ. ಪೇಪರಿನಲ್ಲೆಲ್ಲ ಬಂತು. ಸಾಹಸ ಅಂತ ಹೊಗಳಿದರು. ಹೊಗಳುವ ವಿಷಯ ಅಲ್ಲ ಅದು.

ಆದರೆ ಅದಕ್ಕೂ ವಿಮಾನ ಉತ್ತರ ಅಲ್ಲ. ನೀರಿನ ಮೇಲೆ ಇಳಿಯುವ ವಿಮಾನಗಳಿವೆ, ಬಾಂಗ್ಲಾದೇಶದಲ್ಲಿ ಎಂಎಎಫ್ ಅಂಥದ್ದನ್ನು ಓಡಿಸಿದೆ. ಅದಕ್ಕೆ ಅಲೆ ಕಡಿಮೆ ಇರುವ, ಉದ್ದನೆಯ, ಖಾಲಿ ನೀರು ಬೇಕು. ಮರದ ದಿಮ್ಮಿ ಹೊತ್ತು ನುಗ್ಗುವ ಹೊಳೆ ಮೇಲೆ, ಬಂಡೆಗಳ ಮಧ್ಯೆ ಇಳಿಸಿದರೆ ಪೈಲಟನ್ನೂ ಹುಡುಕಬೇಕಾಗುತ್ತೆ. ಇಂಥ ನಡುಗಡ್ಡೆಗಳಿಗೆ ಬೇಕಾದ್ದು ಸೇತುವೆ. ಅದಾಗುವ ತನಕ ಮೋಟಾರ್ ದೋಣಿ. ಹೊಳೆ ಏರುವ ಮೊದಲೇ ದಿನ ತುಂಬಿದ ಬಸುರಿಯರನ್ನು ಈಚೆ ದಡಕ್ಕೆ ಕರೆತಂದು ಇರಿಸಿಕೊಂಡರೆ ಇನ್ನೂ ಒಳ್ಳೇದು.

ಯಾವ ವಿಮಾನ ಬಳಸುತ್ತಾರೆ?

ಬಹಳ ಕಾಲ ಸೆಸ್ನಾ 206 ಓಡಿತು. ಆರು ಸೀಟು, ಒಂದೇ ಎಂಜಿನ್. ಈಗ ಸೆಸ್ನಾ ಕ್ಯಾರವಾನ್ ಮತ್ತು ಕೋಡಿಯಾಕ್ ಜಾಸ್ತಿ. ಕೋಡಿಯಾಕ್ ಅಮೆರಿಕದ ಐಡಾಹೊ ರಾಜ್ಯದಲ್ಲಿ, ಮಿಷನ್ ಕೆಲಸವನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿದ ವಿಮಾನ. 2007ರಲ್ಲಿ ಅನುಮತಿ ಸಿಕ್ಕಿತು. ಹತ್ತು ಸೀಟು, ತುಂಬಿದ ತೂಕದಲ್ಲೂ ಸುಮಾರು 300 ಮೀಟರ್ ಓಡಿದರೆ ಮೇಲೇಳುತ್ತೆ. ಕಲಬುರಗಿ ರನ್‌ವೇ ಮೂರು ಕಿಲೋಮೀಟರ್‌ಗೂ ಉದ್ದ ಅನ್ನುವುದನ್ನು ನೆನಪಿಟ್ಟುಕೊಂಡು ಹೋಲಿಸಿ ನೋಡಿ.

ಹಳೆಯ 206 ಬಿಟ್ಟು ಹೊಸದಕ್ಕೆ ಹೋಗಲು ಮುಖ್ಯ ಕಾರಣ ಎಣ್ಣೆ. 206ಗೆ ಬೇಕಾದ್ದು ಏವ್‌ಗ್ಯಾಸ್ ಅನ್ನುವ ವಿಶೇಷ ಪೆಟ್ರೋಲ್. ಆಫ್ರಿಕಾದ ಒಳನಾಡಲ್ಲಿ ಅದು ಸಿಗುವುದೇ ಕಷ್ಟ, ಡ್ರಮ್ಮಿನಲ್ಲಿ ತರಿಸಿದರೆ ಬೆಲೆ ಕೇಳಲೇಬೇಡಿ. ಕ್ಯಾರವಾನ್, ಕೋಡಿಯಾಕ್ ಓಡುವುದು ಜೆಟ್ ಇಂಧನದಲ್ಲಿ, ಅಂದರೆ ಶುದ್ಧ ಮಾಡಿದ ಸೀಮೆಎಣ್ಣೆ. ಅದು ಎಲ್ಲ ಕಡೆ ಸಿಗುತ್ತೆ.

ಈ ವಿಮಾನಗಳ ರೆಕ್ಕೆ ತಲೆ ಮೇಲೆ ಇರುತ್ತೆ, ಕೆಳಗೆ ಅಲ್ಲ. ಪಕ್ಕದ ಗಿಡ, ಹುಲ್ಲು, ಕಲ್ಲು ತಾಗಲ್ಲ. ಕೆಳಗಿನ ನೆಲವೂ ಚೆನ್ನಾಗಿ ಕಾಣುತ್ತೆ.

ಮಣ್ಣಿನ ಮೇಲೆ ಹೇಗೆ ಇಳಿಸುತ್ತಾರೆ? ಮಳೆ ಬಂದರೆ?

ನನಗೆ ಇಷ್ಟವಾದ ಪ್ರಶ್ನೆ ಇದು. ನಮ್ಮ ಕಡೆಯವರಿಗೆ ಅರ್ಧ ಉತ್ತರ ಮೊದಲೇ ಗೊತ್ತಿರುತ್ತೆ.

ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದವರನ್ನು ಕೇಳಿ. ಒಂದನೇ ಹೆಜ್ಜೆಗೆ ಚಪ್ಪಲಿ ತುಂಬ ಮಣ್ಣು, ನಾಲ್ಕನೇ ಹೆಜ್ಜೆಗೆ ಚಪ್ಪಲಿಯೇ ಮಾಯ. ಟ್ರ್ಯಾಕ್ಟರ್ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗಾಲಿ ಎರಡು ಪಟ್ಟು ದಪ್ಪ ಆಗುತ್ತೆ. ದಕ್ಷಿಣ ಸೂಡಾನ್‌ನ ಬಯಲು ಇದೇ ಜಾತಿಯ ಕಪ್ಪು ಮಣ್ಣು. ಬೇಸಿಗೆಯಲ್ಲಿ ನೆಲ ಬಿರಿದು ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಳ್ಳುವಷ್ಟು ಬಿರುಕು. ಮಳೆಯಲ್ಲಿ ಅಂಟು. ತೊಗರಿ ಬೆಳೆಯೋಕೆ ಬಂಗಾರದಂಥ ಮಣ್ಣು, ವಿಮಾನಕ್ಕೆ ಮಾತ್ರ ಶತ್ರು. ಆ ದೇಶದಲ್ಲಿ ಮಳೆಗಾಲಕ್ಕೆ ರಸ್ತೆಗಳು ತಿಂಗಳುಗಟ್ಟಲೆ ಮುಚ್ಚುವುದೂ ಇದೇ ಮಣ್ಣಿಂದ. ಅಂದರೆ ವಿಮಾನ ಜಾಸ್ತಿ ಬೇಕಾದ ಹೊತ್ತಿಗೇ ಅದನ್ನು ಇಳಿಸುವುದು ಕಷ್ಟ.

ಅದಕ್ಕೇ ಸಾಧ್ಯವಾದ ಕಡೆ ಮೇಲೆ ಗರಸು ಹಾಕಿ, ನೀರು ಬಿಟ್ಟು, ರೋಲರ್ ಹೊಡೆಯುತ್ತಾರೆ. ನಡುವೆ ಎತ್ತರ, ಎರಡೂ ಪಕ್ಕಕ್ಕೆ ಇಳಿಜಾರು, ಆಚೀಚೆ ಕಾಲುವೆ. ನಮ್ಮಲ್ಲಿ ಹೋಲಿಸುವುದಾದರೆ ಬೀದರ್ ಕೋಟೆ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲ ಮಳೆ ನಿಂತ ಸ್ವಲ್ಪ ಹೊತ್ತಿಗೆ ವಿಮಾನ ಹೊರುತ್ತೆ, ಕಲಬುರಗಿ ಸುತ್ತಲಿನ ಎರೆ ನೆಲ ನಾಲ್ಕು ದಿನ ಬಿಸಿಲು ಕಾಯಬೇಕು.

ಮಳೆ ಬಂದ ಮರುದಿನ ಇಳಿಯಬಹುದಾ ಅಂತ ನೋಡುವುದು ಹೇಗೆ? ಊರಿನ ಒಬ್ಬ ಮನುಷ್ಯ, ಅವನಿಗೆ ಏಜೆಂಟ್ ಅಂತಾರೆ, ವಿಮಾನ ಇಳಿಯುವ ಪಟ್ಟಿಯ ಉದ್ದಕ್ಕೂ ನಡೆಯುತ್ತಾನೆ, ಅಲ್ಲಲ್ಲಿ ಹಿಮ್ಮಡಿ ಒತ್ತಿ ನೋಡುತ್ತಾನೆ. ಜೀಪು ಇದ್ದರೆ ಜೋರಾಗಿ ಓಡಿಸಿ ಗಾಲಿ ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ಆಮೇಲೆ ರೇಡಿಯೋದಲ್ಲಿ ಸುದ್ದಿ. ಅವನ ಮಾತಿನ ಮೇಲೆ ಆರೇಳು ಜನರ ಜೀವ. ಹಾಗಾಗಿ 'ಬನ್ನಿ, ಏನಾಗಲ್ಲ' ಅನ್ನುವವನಿಗಿಂತ 'ನಾಳೆ ನೋಡೋಣ' ಅನ್ನುವವನೇ ಒಳ್ಳೆ ಏಜೆಂಟ್.

ವಿಮಾನದ ಗಾಲಿಗಳೂ ಬೇರೆ. ಟೈರು ದಪ್ಪ, ಮೇಲಿನ ಅಂದದ ಕವಚ ಕಿತ್ತು ಹಾಕಿರುತ್ತಾರೆ, ಇಲ್ಲದಿದ್ದರೆ ಅದರೊಳಗೆ ಮಣ್ಣು ತುಂಬಿ ಗಾಲಿಯೇ ತಿರುಗಲ್ಲ. ಗರಸಿನ ಮೇಲೆ ನಿಂತಲ್ಲೇ ಎಂಜಿನ್ ಪೂರ್ತಿ ಜೋರು ಮಾಡಲ್ಲ. ಹಾಗೆ ಮಾಡಿದರೆ ಪ್ರೊಪೆಲ್ಲರ್ ಕಲ್ಲು ಎಳೆದುಕೊಂಡು ತನ್ನ ಅಂಚನ್ನೇ ತಿಂದುಕೊಳ್ಳುತ್ತೆ. ಮೆಲ್ಲಗೆ ಉರುಳುತ್ತಾ ವೇಗ ಕೊಡುತ್ತಾರೆ.

ಬೆಟ್ಟದ ಪಟ್ಟಿಗಳು ಇನ್ನೂ ವಿಚಿತ್ರ. ಪಪುವಾ ಕಡೆ ನೂರು ಮೀಟರ್‌ಗೆ ಹತ್ತು ಮೀಟರ್ ಏರು ಇರುವ ಪಟ್ಟಿಗಳಿವೆ. ಏರಿನ ಕಡೆ ಇಳಿಯಬೇಕು, ಇಳಿಜಾರಿನ ಕಡೆ ಏಳಬೇಕು, ಗಾಳಿ ಯಾವ ಕಡೆ ಬೀಸಿದರೂ ಸರಿ. ಎದುರಿಗೆ ಗುಡ್ಡ. ಒಂದು ಜಾಗ ದಾಟಿದ ಮೇಲೆ ಮತ್ತೆ ಮೇಲೇರಿ ಸುತ್ತು ಹಾಕುವ ಮಾತೇ ಇಲ್ಲ, ಇಳಿಯಲೇಬೇಕು. ಹಂದಿ, ದನ ಅಡ್ಡ ಬಂದಿದೆಯಾ ಅಂತ ನೋಡುವುದೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಪಟ್ಟಿಯ ಹುಲ್ಲು ಕೊಯ್ಯುವುದು, ಗುಂಡಿ ಮುಚ್ಚುವುದು ಊರಿನವರೇ. ಅವರು ಕೈಬಿಟ್ಟ ವರ್ಷ ವಿಮಾನವೂ ಕೈಬಿಡುತ್ತೆ.

ಹತ್ತುವ ಮೊದಲು ತೂಕ ಮಾಡ್ತಾರಂತೆ, ನಿಜವಾ?

ನಿಜ. ಕೈಯಲ್ಲಿರುವ ಚೀಲದ ಸಮೇತ ತಕ್ಕಡಿ ಮೇಲೆ ನಿಲ್ಲಬೇಕು. ಪಾದ್ರಿಗೂ ವಿನಾಯಿತಿ ಇಲ್ಲ. ಬಸ್ಸಿನ ಟಾಪ್ ಮೇಲೆ ಇನ್ನೊಂದು ತೊಗರಿ ಚೀಲ ಏರಿಸಿದ ಹಾಗೆ ಇಲ್ಲಿ ನಡೆಯಲ್ಲ. ಬರೀ ತೂಕ ಅಲ್ಲ, ಎಲ್ಲಿ ಕೂರಿಸುತ್ತಾರೆ ಅನ್ನುವುದೂ ಲೆಕ್ಕ. ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲಾಗಿ ವಿಮಾನ ಹಿಡಿತಕ್ಕೆ ಸಿಗಲ್ಲ.

ಬಿಸಿಲೂ ಲೆಕ್ಕಕ್ಕೆ ಬರುತ್ತೆ. ಕಾದ ಗಾಳಿ ತೆಳ್ಳಗಿರುತ್ತೆ. ರೆಕ್ಕೆಗೆ ಆಧಾರ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ. ಎತ್ತರದ ಜಾಗದಲ್ಲೂ ಹೀಗೇ. ಬೆಳಿಗ್ಗೆ ಆರಕ್ಕೆ ಐದು ಜನರನ್ನು ಹೊತ್ತು ಎದ್ದ ವಿಮಾನ ಅದೇ ಪಟ್ಟಿಯಿಂದ ಮಧ್ಯಾಹ್ನ ಮೂವರನ್ನಷ್ಟೇ ಎತ್ತಬಹುದು. ಬೆಟ್ಟದ ಕಡೆ ಮಧ್ಯಾಹ್ನಕ್ಕೆ ಮೋಡವೂ ಕಟ್ಟುತ್ತೆ. ಅದಕ್ಕೇ ಕೆಲಸವೆಲ್ಲ ಬೆಳಿಗ್ಗೆ.

ಕಾಯಿಲೆಯವರನ್ನು ಹೇಗೆ ಒಯ್ಯುತ್ತಾರೆ?

ಸೀಟು ಬಿಚ್ಚಿ ನೆಲಕ್ಕೆ ಸ್ಟ್ರೆಚರ್ ಬಿಗಿಯುತ್ತಾರೆ. ಹೆಚ್ಚಿನವರು ಹೆರಿಗೆ ಕಷ್ಟವಾದವರು, ಮೂಳೆ ಮುರಿದವರು, ಹಾವು ಕಚ್ಚಿದವರು. ಲೆಸೊಥೊ ದೇಶದಲ್ಲಿ ಸರ್ಕಾರದ ಹಾರುವ ಡಾಕ್ಟರ್ ಸೇವೆಗೆ ವಿಮಾನ, ಪೈಲಟ್ ಒದಗಿಸುವುದು ಎಂಎಎಫ್. ಇದು ನನಗೆ ಸರಿ ಅನ್ನಿಸುವ ಮಾದರಿ. ಆರೋಗ್ಯ ಸರ್ಕಾರದ ಹೊಣೆ, ಹಾರಿಸುವುದು ಗೊತ್ತಿದ್ದವರ ಕೆಲಸ.

ದುಡ್ಡು ಯಾರು ಕೊಡುತ್ತಾರೆ?

ಸ್ವಲ್ಪ ಟಿಕೆಟ್‌ನಿಂದ. ಹೊರಗಿನ ಸೇವಾ ಸಂಸ್ಥೆಗಳು ಪೂರ್ತಿ ದರ ಕೊಡುತ್ತವೆ, ಊರಿನ ಬಡವರಿಗೆ, ಕಾಯಿಲೆಯವರಿಗೆ ಕಡಿಮೆ. ಉಳಿದದ್ದು ಚರ್ಚುಗಳ ಕಾಣಿಕೆ. ಪೈಲಟ್‌ಗಳಲ್ಲಿ ಬಹಳ ಜನ ತಮ್ಮ ಸಂಬಳವನ್ನು ತಾವೇ ತಮ್ಮೂರ ಚರ್ಚುಗಳಲ್ಲಿ ಕೇಳಿ ಹೊಂದಿಸಿಕೊಂಡು ಹೊರಡುತ್ತಾರೆ.

ಇದೆಲ್ಲ ಮತಾಂತರಕ್ಕೆ ಅಲ್ಲವಾ?

ಸುತ್ತಿ ಬಳಸಿ ಹೇಳುವುದು ಬೇಡ. ಈ ಸಂಸ್ಥೆಗಳು ತಮ್ಮ ನಂಬಿಕೆಯನ್ನು ಮುಚ್ಚಿಡುವುದಿಲ್ಲ. ಜಾರ್ಸ್ ಹುಟ್ಟಿದ್ದೇ ಬೈಬಲ್ ಅನುವಾದ ಮಾಡುವವರನ್ನು ಕಾಡಿಗೆ ತಲುಪಿಸಲು. ಅದನ್ನು 1948ರಲ್ಲಿ ಕಟ್ಟಿದ ಕ್ಯಾಮರಾನ್ ಟೌನ್‌ಸೆಂಡ್ ಅದಕ್ಕೆ ಹಿಂದಿನ ವರ್ಷ ಮೆಕ್ಸಿಕೋದಲ್ಲಿ ಹೆಂಡತಿ, ಮಗುವಿನ ಸಮೇತ ವಿಮಾನ ಅಪಘಾತಕ್ಕೆ ಸಿಕ್ಕಿದ್ದರು. ಪಳಗಿದ ಪೈಲಟ್‌ಗಳು ಬೇಕೇಬೇಕು ಅಂತ ಅವರಿಗೆ ಮನವರಿಕೆ ಆದದ್ದು ಆಗ.

ಅದೇ ಹೊತ್ತಿಗೆ ಇದೇ ವಿಮಾನಗಳಲ್ಲಿ ಸರ್ಕಾರಿ ಮಾಸ್ತರು, ಲಸಿಕೆ ಸಿಬ್ಬಂದಿ, ಧರ್ಮದ ಗೊಡವೆ ಇಲ್ಲದ ಸೇವಾ ಸಂಸ್ಥೆಯವರು ದಿನಾ ಹಾರುತ್ತಾರೆ. ಎರಡೂ ನಿಜ. ನಾನು ಕೇಳುವ ಪ್ರಶ್ನೆ ಎರಡು. ಬೇರೆ ನಂಬಿಕೆಯ ಬಸುರಿಯನ್ನೂ ಅದೇ ದರಕ್ಕೆ, ಅದೇ ತುರ್ತಿನಲ್ಲಿ ಒಯ್ಯುತ್ತಾರಾ? ಒಯ್ದ ಮೇಲೆ ಅವಳಿಂದ ಏನಾದರೂ ಬಯಸುತ್ತಾರಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತಿದ್ದರೆ ಅದು ಸೇವೆ. ಆದರೂ ಒಂದು ಮಾತು. ಊರಿಂದ ಹೊರಬರಲು ಒಂದೇ ಬಾಗಿಲು ಇದ್ದರೆ, ಬಾಗಿಲು ಕಾಯುವವನು ಎಷ್ಟೇ ಒಳ್ಳೆಯವನಾದರೂ ಊರಿನವರು ಅವನ ಮುಖ ನೋಡಿಯೇ ಮಾತಾಡುತ್ತಾರೆ. ಇದನ್ನು ಮಿಷನ್‌ನವರು ಮರೆಯಬಾರದು.

1956ರ ಈಕ್ವೆಡಾರ್ ಘಟನೆ ಏನು?

ನೇಟ್ ಸೇಂಟ್ ಅನ್ನುವ ಎಂಎಎಫ್ ಪೈಲಟ್ ಒಂದು ಉಪಾಯ ಕಂಡುಹಿಡಿದಿದ್ದರು. ವಿಮಾನ ವೃತ್ತಾಕಾರವಾಗಿ ಸುತ್ತುತ್ತಾ ಉದ್ದ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟರೆ, ಹಗ್ಗದ ತುದಿ ವೃತ್ತದ ನಡುವೆ ಬಂದು ಹೆಚ್ಚು ಕಡಿಮೆ ನಿಂತೇ ಬಿಡುತ್ತೆ. ಕೆಳಗಿನವರು ಕೈ ಹಾಕಿ ವಸ್ತು ತೆಗೆದುಕೊಳ್ಳಬಹುದು, ತಮ್ಮದೇನಾದರೂ ಇಡಬಹುದು. ಈಕ್ವೆಡಾರ್ ಕಾಡಿನಲ್ಲಿದ್ದ, ಹೊರಗಿನವರನ್ನು ಹತ್ತಿರ ಸೇರಿಸದ ವಾವೊರಾನಿ ಜನರಿಗೆ ಹೀಗೆ ಉಡುಗೊರೆ ಕೊಟ್ಟರು. ಆಮೇಲೆ ನದಿ ಮರಳಿನ ಮೇಲೆ ವಿಮಾನ ಇಳಿಸಿದರು. 1956ರ ಜನವರಿ 8ರಂದು ಸೇಂಟ್, ಜಿಮ್ ಎಲಿಯಟ್ ಸೇರಿ ಹಾಗೆ ಹೋದ ಐವರು ಮಿಷನರಿಗಳೂ ಆ ಜನರ ಈಟಿಗೆ ಬಲಿಯಾದರು.

ಎಲಿಯಟ್ ಹೆಂಡತಿ ಮತ್ತು ಸೇಂಟ್ ಅಕ್ಕ 1958ರಲ್ಲಿ ಅದೇ ಜನರ ಮಧ್ಯೆ ಹೋಗಿ ಉಳಿದರು. ಚರ್ಚುಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತೆ. ಮುಗಿಯಬಾರದು. ಹೊರಗಿನವರ ಜೊತೆ ರೋಗವೂ ಬಂತು, 1969ರಲ್ಲಿ ಪೋಲಿಯೊ ಹರಡಿತು. ಅವರ ಕಾಡಿಗೆ ಎಣ್ಣೆ ಕಂಪನಿಗಳೂ ನುಗ್ಗಿದವು. ಧೈರ್ಯ ದೊಡ್ಡದೇ. ಕರೆಯದೆ ಹೋದದ್ದೂ ನಿಜವೇ.

2018ರಲ್ಲಿ ಅಂಡಮಾನ್‌ನಲ್ಲಿ ಆದದ್ದೂ ಇದೇನಾ?

ಅಲ್ಲ. ಅಲ್ಲಿ ವಿಮಾನ ಇರಲಿಲ್ಲ. ಅಮೆರಿಕದ ಯುವಕನೊಬ್ಬ ಮೀನುಗಾರರ ದೋಣಿಯಲ್ಲಿ, ಹೋಗಬಾರದು ಅಂತ ಕಾನೂನು ಇರುವ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಸತ್ತ. ವಿಮಾನ ಸೇವೆಯವರು ಸರ್ಕಾರದ ಲೈಸೆನ್ಸ್ ಇಲ್ಲದೆ ಒಂದು ದಿನವೂ ಹಾರಲು ಆಗಲ್ಲ.

ಅಪಾಯ ಎಷ್ಟು?

ಇದೆ. ಪಪುವಾ ನ್ಯೂಗಿನಿಯಲ್ಲಿ 1951ರಲ್ಲಿ ಎಂಎಎಫ್ ಕೆಲಸ ಶುರುವಾದ ವರ್ಷವೇ ಅದರ ಪೈಲಟ್ ಅಪಘಾತದಲ್ಲಿ ತೀರಿಕೊಂಡರು. ನೆಲದ ರಾಜಕೀಯವೂ ಬಿಡಲ್ಲ. 2001ರ ಏಪ್ರಿಲ್‌ನಲ್ಲಿ ಪೆರುವಿನ ವಾಯುಪಡೆ ಮಾದಕವಸ್ತು ಸಾಗಿಸುವ ವಿಮಾನ ಅಂದುಕೊಂಡು ಮಿಷನ್ ವಿಮಾನಕ್ಕೆ ಗುಂಡು ಹಾರಿಸಿತು, ತಾಯಿ ಮತ್ತು ಹಸುಗೂಸು ಸತ್ತರು. ಮೊಜಾಂಬಿಕ್‌ನಲ್ಲಿ 2022ರ ಕೊನೆಯಲ್ಲಿ ಅನಾಥಾಶ್ರಮಕ್ಕೆ ಸಾಮಾನು ಒಯ್ಯಲಿದ್ದ ಪೈಲಟನ್ನು ಹಿಡಿದು ತಿಂಗಳುಗಟ್ಟಲೆ ಜೈಲಲ್ಲಿಟ್ಟರು.

ನಮ್ಮ ಮಗಳು ಇಂಥ ಪೈಲಟ್ ಆಗಬೇಕು ಅಂತಾಳೆ. ಏನು ಓದಬೇಕು?

ಬೀದರ್‌ನಲ್ಲಿ ಸೂರ್ಯಕಿರಣ್ ವಿಮಾನಗಳ ಕಸರತ್ತು ನೋಡುತ್ತಾ ಬೆಳೆದ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ವಾಯುಪಡೆಯ ದಾರಿ ಬೇರೆ. ಸಾಮಾನ್ಯ ದಾರಿ ಹೀಗೆ: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್. ಆಮೇಲೆ ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ನಿಯಂತ್ರಣ ಇಲಾಖೆಯ, ಮೆಡಿಕಲ್ ಪರೀಕ್ಷೆ. ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಖರ್ಚು ಹತ್ತಾರು ಲಕ್ಷ. ಹೊಲ ಮಾರಿ ಕಳಿಸುವ ಮೊದಲು ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಮುಗಿಸಿ. ಅಲ್ಲೇ ಫೇಲಾದರೆ ಉಳಿದದ್ದೆಲ್ಲ ದಂಡ.

ನನ್ನ ಸಲಹೆ ಇನ್ನೊಂದು. ಮಿಷನ್ ವಿಮಾನದ ಪೈಲಟ್‌ಗಳಲ್ಲಿ ಬಹಳ ಜನ ಮೆಕ್ಯಾನಿಕ್ ಕೂಡ. ಕಾಡಿನ ಮಧ್ಯೆ ಟೈರು ಕೂತರೆ ಯಾರು ಬರ್ತಾರೆ? ವಿಮಾನ ರಿಪೇರಿ ಕೋರ್ಸು ಪೈಲಟ್ ತರಬೇತಿಗಿಂತ ತುಂಬಾ ಅಗ್ಗ, ಕೆಲಸವೂ ಸಿಗುತ್ತೆ. ಮೊದಲು ಅದು ಮಾಡಲಿ.

ಇನ್ನು ಮುಂದೆ ಡ್ರೋನ್ ಸಾಕಲ್ಲವಾ?

ಅರ್ಧ ಕೆಲಸಕ್ಕೆ ಸಾಕು. ರುವಾಂಡದಲ್ಲಿ 2016ರಿಂದ ಆಸ್ಪತ್ರೆಗಳಿಗೆ ರಕ್ತ ಡ್ರೋನ್‌ನಲ್ಲೇ ಹೋಗುತ್ತಿದೆ. ನಮ್ಮ ಚಿಂಚೋಳಿ, ಸೇಡಂ ಗಡಿ ದಾಟಿದರೆ ಸಿಗುವ ವಿಕಾರಾಬಾದ್ ಜಿಲ್ಲೆಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ಡ್ರೋನ್‌ನಲ್ಲಿ ಔಷಧಿ, ಲಸಿಕೆ ಕಳಿಸಿ ಪ್ರಯೋಗ ಮಾಡಿತು. ನಮ್ಮ ಜಿಲ್ಲೆಗಳಿಗೆ ಒಪ್ಪುವುದು ಇದೇ ಅಂತ ನನಗನ್ನಿಸುತ್ತೆ, ಹೊಳೆ ಆಚೆಯ ಊರುಗಳಿಗಂತೂ ಖಂಡಿತ. ಆದರೆ ಡ್ರೋನ್ ಔಷಧಿ ತರುತ್ತೆ, ಹೆರಿಗೆ ನೋವಿನ ಹೆಂಗಸನ್ನು ಒಯ್ಯಲ್ಲ.

'ಮಿಷನ್ ವಿಮಾನಕ್ಕೆ ಕಾಣಿಕೆ ಕಳಿಸಿ' ಅಂತ ವಾಟ್ಸಾಪ್ ಬಂದಿದೆ. ಕಳಿಸಲಾ?

ಬೇಡ. ಒಬ್ಬರ ಫೋನ್ ನಂಬರಿಗೆ ಹಣ ಹಾಕಿ ಅಂತ ಬಂದರೆ ಮೋಸ ಅಂತಲೇ ತಿಳಿಯಿರಿ. ಜೊತೆಗಿರುವ ವಿಮಾನದ ಫೋಟೋ ಯಾರು ಬೇಕಾದರೂ ಹಾಕಬಹುದು. ಕೊಡಲೇಬೇಕು ಅನ್ನಿಸಿದರೆ ನಿಮ್ಮ ಸಭಾಪಾಲಕರನ್ನು ಕೇಳಿ, ಇಲ್ಲವೇ ನಮ್ಮ ಕಡೆಯದೇ ಒಂದು ಮಿಷನ್ ಆಸ್ಪತ್ರೆಗೆ ಹೋಗಿ ಬಡವರ ಬಿಲ್ಲಿಗೆ ಅಂತ ಕೌಂಟರಿನಲ್ಲಿ ಕಟ್ಟಿ. ರಸೀದಿ ಕೇಳಿ ತಗೊಳ್ಳಿ.